ಪಾವಾಗಢದಲ್ಲಿ ಒಂದು ಶನಿವಾರ

(ಕೊಯಾಲಿಯಲ್ಲಿ ಸೇರಿದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಪ್ರವಾಸದ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಸ್ವಲ್ಪ ಹಿಂಜರಿದದ್ದು ನಿಜ. ಇದೇ ವೇದಿಕೆಯ ಮೇಲೆ ನಿಂತು ಕಾಶ್ಮೀರವನ್ನೂ ಕೇದಾರವನ್ನೂ ಸಿಂಗಪುರವನ್ನೂ ಕಂಡುಬಂದವರು ಮಾತನಾಡಿದ್ದಾರೆ. ನಾವು ಕಂಡದ್ದು ಇಲ್ಲಿಂದ ಎರಡು ಗಂಟೆಯ ಹಾದಿಯ ಪಾವಾಗಢ ಮತ್ತು ಅದರ ಬುಡದಲ್ಲಿರುವ ಚಾಂಪಾನೇರ. ಅದೂ ಒಂದೇ ದಿನದಲ್ಲಿ; ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರಿದವರು ನಾವು. ಆದರೂ ಹೇಳಬೇಕೆನಿಸಿದ್ದಕ್ಕೆ ಕಾರಣವಿದೆ. ನಮ್ಮವರಲ್ಲಿ ಅನೇಕರು ಪಾವಾಗಢವನ್ನು ನವರಾತ್ರಿಯ ನೂಕುನುಗ್ಗಲಿನಲ್ಲಿ ಕಂಡು, ದೇವಿಗೆ ಕೈಮುಗಿದು, ಚಪ್ಪಲಿ ಕಳೆದುಕೊಂಡು ಬಂದವರೇ ಹೊರತು, ಕೆಳಗೆ ಒಂದು ಊರಿತ್ತು ಎಂಬುದನ್ನು ನೋಡಿದವರು ಕಡಮೆ.

ಈ ಭಾಷಣದಲ್ಲಿ ಮಾತುಮಾತಿಗೆ 'ನಾವು' ಎಂದು ಬರುತ್ತದೆ, ದೊಡ್ಡಸ್ತಿಕೆಯೆಂದು ತಿಳಿಯಬಾರದು. ಹೋದವರು ಇಬ್ಬರು, ನೋಡಿದವರು ಇಬ್ಬರು, ಈ ಕಾಗದವನ್ನು ಓದಿ ತಿದ್ದಿದವರೂ ಇಬ್ಬರು. ಎಲ್ಲಿ ಇಬ್ಬರ ಅಭಿಪ್ರಾಯ ಎರಡಾಯಿತೋ ಅಲ್ಲಿ ಮಾತ್ರ ನಮ್ಮ ಮನೆಯವರ ಮಾತನ್ನು ಬೇರೆಯಾಗಿ ಹೇಳುತ್ತೇವೆ. ಅಂಥ ಸಂದರ್ಭ ಆ ದಿನ ಕಡಮೆಯೇನೂ ಇರಲಿಲ್ಲ.

ಹೋಗುವುದಕ್ಕೆ ನಿಮಿತ್ತ ಒಂದು ಕಾಗದ. ನಮ್ಮದು ಬ್ಯಾಂಕಿನ ಗುಮಾಸ್ತಿಕೆ. ಕೆಲವು ವರ್ಷಗಳ ಹಿಂದೆ ತವರು ರಾಜ್ಯಕ್ಕೆ ವರ್ಗ ಬೇಡಿ ಅರ್ಜಿ ಹಾಕಿದ್ದೆವು. ಹಾಕಿದ್ದು ಮರೆತೇ ಹೋಗಿತ್ತು. ಕಳೆದ ಆಗಸ್ಟ್ ತಿಂಗಳಲ್ಲಿ ಸರದಿ ಬಂತು. ವಿಜಯಪುರ ಜಿಲ್ಲೆಯ ಒಂದು ಶಾಖೆ. ಹತ್ತು ದಿನದೊಳಗೆ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಬರೆದುಕೊಡಬೇಕು. ಒಪ್ಪಿದರೆ ಇಲ್ಲಿಯ ಹಿರಿತನ ಹೋಗಿ ಅಲ್ಲಿಯ ಪಟ್ಟಿಯಲ್ಲಿ ಕೊನೆಯವರಾಗಿ ನಿಲ್ಲಬೇಕು. ಒಪ್ಪದಿದ್ದರೆ ಹೆಸರು ಮತ್ತೆ ತಳಕ್ಕೆ ಇಳಿಯುತ್ತದೆ.

ನಮ್ಮ ತಂದೆಯವರು ಸಿಂದಗಿ ಕಡೆಯವರು. 1960ರ ದಶಕದಲ್ಲಿ ಸೋವಿಯತ್ ನೆರವಿನಿಂದ ಎದ್ದ ಈ ಕೊಯಾಲಿಯ ತೈಲಶುದ್ಧಿ ಕಾರಖಾನೆಗೆ ಕೆಲಸಕ್ಕೆಂದು ಬಂದು, ಇಲ್ಲಿಯೇ ನಿವೃತ್ತರಾಗಿ, ಊರಿಗೆ ಮರಳಿದ್ದಾರೆ. ಅವರ ಬೆನ್ನಿಗೆ ತಾಯಿಯೂ ಹೋದರು. ನಾವು ಹುಟ್ಟಿದ್ದು ಇಲ್ಲಿ, ಓದಿ ಬಿ.ಕಾಂ. ಆದದ್ದು ಇಲ್ಲಿ, ಕೆಲಸಕ್ಕೆ ಸೇರಿದ್ದು ಇಲ್ಲಿ. ನಮ್ಮ ಮನೆಯವರು ಶಿಕಾರಿಪುರದ ಕಡೆಯವರು. ಏಳು ವರ್ಷಗಳ ಹಿಂದೆ 'ಕೇಮ್ ಛೋ' ಎನ್ನಲೂ ಬಾರದೆ ಈ ಊರಿಗೆ ಕಾಲಿಟ್ಟವರು. ಹೀಗಿರುವಾಗ, ಊರಿಗೆ ಹೋಗೋಣವೆಂದು ಹಟ ಹಿಡಿದವರು ನಾವು, ಸುಮ್ಮನಾದವರು ಅವರು. ಕಾಗದ ಬಂದ ನಾಲ್ಕು ದಿನವಾದರೂ ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮನೆಯಲ್ಲಿ ಮಾತೆತ್ತುವ ಹಾಗಿಲ್ಲ. ಐದು ವರ್ಷದ ಮಗಳು ಕೇಳಿಸಿಕೊಂಡದ್ದನ್ನೆಲ್ಲ ಸಂಜೆಯ ಫೋನಿನಲ್ಲಿ ಅಜ್ಜಿಗೆ ಒಪ್ಪಿಸುತ್ತಾಳೆ. ಅದಕ್ಕಾಗಿ ನಾಲ್ಕನೆಯ ಶನಿವಾರದ ರಜೆ ನೋಡಿ, ಮಗಳನ್ನು ನೆರೆಮನೆಯಲ್ಲಿ ಬಿಟ್ಟು, ಬೆಳಿಗ್ಗೆ ಏಳಕ್ಕೆ ಮೋಟಾರು ಸೈಕಲ್ಲು ಹತ್ತಿದೆವು.

ದಾರಿಯ ವಿಚಾರ ಹೆಚ್ಚು ಹೇಳಬೇಕಾದ್ದಿಲ್ಲ. ಮಳೆ ಹಿಡಿದಿತ್ತು, ಬಿಟ್ಟಿತ್ತು. ಹಾಲೋಲಿನ ಹತ್ತಿರ ಹೆದ್ದಾರಿಯ ಒಂದು ಹೋಟಲಿನ ಹಲಗೆಯ ಮೇಲೆ 'ಮೈಸೂರು ಮಸಾಲಾ' ಎಂದು ಕಂಡಿತು. ಇಬ್ಬರಿಗೂ ಹಸಿವೆ, ಒಳಗೆ ಹೋದೆವು. ಬಂದದ್ದನ್ನು ಹೇಗೆ ವರ್ಣಿಸಲಿ! ದೋಸೆಯ ಹೊಟ್ಟೆ ಸೀಳಿದರೆ ಬೀಟ್‌ರೂಟು, ಎಲೆಕೋಸು, ಮೇಲೆ ತುರಿದ ಚೀಜು. ಸಾರು ಪಾಯಸದ ತಂಗಿ. ನಮ್ಮ ಮನೆಯವರು ಒಂದು ತುತ್ತು ತಿಂದು, "ರೀ, ಮೈಸೂರಿನವರು ಏನು ಪಾಪ ಮಾಡಿದ್ರು?" ಎಂದರು. ನಮಗೆ ಅಂಥ ಬೇಸರವಾಗಲಿಲ್ಲ, ಏಕೆಂದರೆ ನಾವು ಚಿಕ್ಕಂದಿನಿಂದ ಇದೇ ದೋಸೆಯನ್ನು ತಿಂದು ಬೆಳೆದವರು. ಶಿವಮೊಗ್ಗದಲ್ಲಿ ಮೊದಲ ಸಲ ಖಾರದ ಚಟ್ನಿ ಸವರಿದ ದೋಸೆ ತಿಂದಾಗ ಇದರಲ್ಲೇನೋ ಕಡಮೆಯಾಗಿದೆ ಎನಿಸಿತ್ತು. ಈ ಗುಟ್ಟನ್ನು ಅಲ್ಲಿ ಹೊರಗೆಡಹಲಿಲ್ಲ. ದಿನದ ಲೆಕ್ಕದಲ್ಲಿ ಮೊದಲ ಬಾಬು ಖರ್ಚಿನ ಕಡೆಗೇ ಬಿತ್ತು.

ಚಾಂಪಾನೇರಕ್ಕೆ ಇನ್ನೂ ಸ್ವಲ್ಪ ದೂರವಿರುವಾಗಲೇ ರಸ್ತೆಯ ಬದಿಗೆ ಒಂದು ಬಾವಿಯಿದೆ, ನಿಲ್ಲದೆ ಹೋಗಬೇಡಿ. ಮೆಟ್ಟಿಲುಗಳು ಬಾವಿಯ ಗೋಡೆಯನ್ನೇ ಹಿಡಿದು ಶಂಖದ ಸುರುಳಿಯಂತೆ ಸುತ್ತುತ್ತ ಇಳಿಯುತ್ತವೆ. ನೀರು ಮುಟ್ಟಲು ಹೋದವನು ಬಾವಿಯ ಸುತ್ತ ಪ್ರದಕ್ಷಿಣೆ ಹಾಕಿಯೇ ಹೋಗಬೇಕು. ನಮ್ಮ ವಿಜಯಪುರದ ತಾಜ್ ಬಾವಡಿ ಇದರ ಮುಂದೆ ಭೀಮಸೇನ. ಆದರೆ ಈ ಪುಟ್ಟ ಬಾವಿಯ ಚೆಲುವು ಅದಕ್ಕಿಲ್ಲ ಎಂದು ವಿಜಯಪುರದ ರಕ್ತವೇ ಒಪ್ಪಿಕೊಳ್ಳುತ್ತದೆ.

ಮುಂದೆ ಕೋಟೆಯ ಬಾಗಿಲು. ಒಳಗೆ ಚಾಂಪಾನೇರ. ಊರೆಂದರೆ ಈಗ ಒಂದು ಹಳ್ಳಿ, ಹಸುರು ಹೊಲ, ಅಲ್ಲಲ್ಲಿ ಗಿಡಗಳ ನಡುವೆ ತಲೆಯೆತ್ತಿದ ಮಸೀದಿಗಳು. ಆದರೆ ಒಂದು ಕಾಲಕ್ಕೆ ಇದು ಗುಜರಾತಿನ ರಾಜಧಾನಿ. ಖೀಚಿ ಚೌಹಾಣರ ಕೈಯಲ್ಲಿದ್ದ ಈ ಕೋಟೆಯನ್ನು ಸುಲ್ತಾನ ಮಹಮೂದ್ ಬೇಗಡಾ ಸುಮಾರು ಇಪ್ಪತ್ತು ತಿಂಗಳು ಮುತ್ತಿಗೆ ಹಾಕಿ 1484ರಲ್ಲಿ ಗೆದ್ದನು. ಗುಜರಾತಿಯಲ್ಲಿ 'ಬೆ' ಎಂದರೆ ಎರಡು. ಜುನಾಗಢ, ಪಾವಾಗಢ ಎಂಬ ಎರಡು ಗಢಗಳನ್ನು ಗೆದ್ದದ್ದರಿಂದ ಅವನಿಗೆ ಬೇಗಡಾ ಎಂದು ಹೆಸರಾಯಿತೆಂದು ಹೇಳುತ್ತಾರೆ. ಗೆದ್ದವನು ಅಹಮದಾಬಾದನ್ನು ಬಿಟ್ಟು ಇಲ್ಲಿಯೇ ನಿಂತು, ಮುಹಮ್ಮದಾಬಾದ್ ಎಂದು ಹೆಸರಿಟ್ಟು, ಬೆಟ್ಟದ ಬುಡದಲ್ಲಿ ಹೊಸ ನಗರ ಕಟ್ಟಿಸಿದನು.

ಈ ಸುಲ್ತಾನನ ಊಟದ ಕಥೆ ಅವನ ಯುದ್ಧದ ಕಥೆಗಿಂತ ಪ್ರಸಿದ್ಧವಾದದ್ದು. 'ಮಿರಾತ್-ಎ-ಸಿಕಂದರಿ' ಎಂಬ ಪರ್ಷಿಯನ್ ಚರಿತ್ರೆಯ ಪ್ರಕಾರ ಅವನ ಬೆಳಗಿನ ಉಪಾಹಾರ ಒಂದು ಬಟ್ಟಲು ಜೇನು, ಒಂದು ಬಟ್ಟಲು ಬೆಣ್ಣೆ, ನೂರೈವತ್ತು ಬಾಳೆಹಣ್ಣು. ರಾತ್ರಿ ಮಂಚದ ಎರಡೂ ಮಗ್ಗುಲಿಗೆ ಸಮೋಸದ ತಟ್ಟೆ ಇಡಬೇಕು. ಯಾವ ಮಗ್ಗುಲಿಗೆ ಎಚ್ಚರವಾದರೂ ಕೈಗೆ ಸಿಗಬೇಕಲ್ಲ. ಇದನ್ನು ಕೇಳಿ ನಮ್ಮ ಮನೆಯವರು, "ಬಡಿಸಿದವಳ ಹೆಸರು ಚರಿತ್ರೇಲಿ ಇಲ್ವಾ?" ಎಂದರು. ಇಲ್ಲ.

ಜಾಮಿ ಮಸೀದಿಯ ಮುಂದೆ ನಾವು ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದ್ದೆವು. ಎತ್ತರದ ಜಗಲಿಯ ಮೇಲೆ ಕಟ್ಟಿದ್ದು. ಮುಂಭಾಗದ ಎರಡು ಮಿನಾರು ಸುಮಾರು 30 ಮೀಟರ್ ಎತ್ತರ. ಒಳಗೆ 172 ಕಂಬಗಳು. ಕಂಬಗಳನ್ನು ಎಣಿಸಲು ಹೋಗಿ ಇಬ್ಬರಿಗೂ ಲೆಕ್ಕ ತಪ್ಪಿ, ಕೊನೆಗೆ ಹೇಳಿದ ಲೆಕ್ಕವನ್ನೇ ನಂಬಿದೆವು. ಕಟ್ಟಿಸಿದವನು ಸುಲ್ತಾನ, ಕೆತ್ತಿದ ಕೈ ಈ ನಾಡಿನ ದೇವಾಲಯಗಳಲ್ಲಿ ಪಳಗಿದ ಕೈ. ಛತ್ತಿನಲ್ಲಿ ಕಮಲ, ಹೊರಗೋಡೆಯಲ್ಲಿ ಮುಂಚಾಚಿದ ಝರೋಖ, ಜಾಲಂದ್ರದಲ್ಲಿ ಸೋಸಿ ಬರುವ ಮಳೆಗಾಲದ ಬೆಳಕು. "ಇದು ನಮ್ಮ ಬಳ್ಳಿಗಾವಿ ಗುಡಿ ಛತ್ತಿನ ಹಾಗೇ ಇದೆಯಲ್ಲ" ಎಂದು ಅವರು ಕತ್ತು ಹಿಂದಕ್ಕೆ ಬಾಗಿಸಿ ನಿಂತರು. ಅವರ ತವರಿನ ಹತ್ತಿರದ ಬಳ್ಳಿಗಾವಿ ಆ ದಿನ ಇನ್ನೊಮ್ಮೆ ನಮ್ಮ ಮಾತಿಗೆ ಬರುವುದಿತ್ತು. ಅದು ಆಗ ನಮಗೆ ಗೊತ್ತಿರಲಿಲ್ಲ.

ಕೇವಡಾ ಮಸೀದಿ, ನಗೀನಾ ಮಸೀದಿ, ಲೀಲಾ ಗುಂಬಜ್ ಇವುಗಳನ್ನು ಸುತ್ತಿ ಬಂದೆವು. ಗುಂಬಜಿನ ಹೆಸರು ಕೇಳಿದೊಡನೆ ಗೋಳಗುಮ್ಮಟವನ್ನು ನೆನೆದು ನಾವು ಎದೆಯುಬ್ಬಿಸಿದ್ದನ್ನು ಮನೆಯವರು ಕಂಡು ನಕ್ಕರು.

ಇಷ್ಟು ದೊಡ್ಡ ನಗರ ಬಾಳಿದ್ದು ಐವತ್ತು ವರ್ಷ. 1535ರಲ್ಲಿ ಹುಮಾಯೂನನು ಬಂದನು. ಕಡಿದಾದ ಬಂಡೆಗೆ ರಾತ್ರಿಯಲ್ಲಿ ಕಬ್ಬಿಣದ ಮೊಳೆಗಳನ್ನು ಹೊಡೆಸಿ, ಅವುಗಳನ್ನೇ ಏಣಿಯಾಗಿ ಹಿಡಿದು ಅವನ ಜನ ಹತ್ತಿದರು. ಬಾದಶಹನೂ ಸ್ವತಃ ಹತ್ತಿದನೆಂದು ಚರಿತ್ರೆ ಹೇಳುತ್ತದೆ. ಆಮೇಲೆ ರಾಜಧಾನಿ ಅಹಮದಾಬಾದಿಗೆ ಮರಳಿತು. ದರಬಾರು ಹೋದ ಹಿಂದೆ ವರ್ತಕರು, ವರ್ತಕರ ಹಿಂದೆ ನೇಕಾರರು, ಎಲ್ಲರೂ ಒಬ್ಬೊಬ್ಬರಾಗಿ ಎದ್ದುಹೋದರು. ಕಾಡು ಊರೊಳಗೆ ಬಂದಿತು. ನಮ್ಮ ಹಂಪಿ ಹಾಳಾದದ್ದು ಇದಕ್ಕೆ ಮೂವತ್ತು ವರ್ಷ ಈಚೆಗೆ. ಕಾಡು ಮುಚ್ಚಿದ್ದರಿಂದಲೇ ಏನೋ, ಮುಂದೆ ಯಾರೂ ಈ ಊರಿನ ಮೇಲೆ ಇನ್ನೊಂದು ಊರು ಕಟ್ಟಲಿಲ್ಲ. ಹಾಗಾಗಿ ಇದ್ದದ್ದು ಇದ್ದಂತೆ ಉಳಿಯಿತು. 2004ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಜರಾತಿಗೆ ಆ ಗೌರವ ಬಂದದ್ದು ಇದರಿಂದಲೇ ಮೊದಲು.

ಮಧ್ಯಾಹ್ನಕ್ಕೆ ಬೆಟ್ಟ. ಗಾಡಿಯನ್ನು ಕೆಳಗೆ ನಿಲ್ಲಿಸಿ, ಹಂಚಿಕೊಂಡು ಕೂರುವ ಜೀಪಿನಲ್ಲಿ ಹನ್ನೊಂದನೆಯವರು ಹನ್ನೆರಡನೆಯವರಾಗಿ ಮಾಚಿ ಎಂಬ ನಡುಬೆಟ್ಟದ ಬಯಲಿಗೆ ಹೋದೆವು. ಅಲ್ಲಿಂದ ರೋಪ್‌ವೇ. ಶ್ರಾವಣದ ಶನಿವಾರ ಜನವಿರಲಾರದೆಂಬ ನಮ್ಮ ಅಂದಾಜಿನಂತೆಯೇ ಇನ್ನೂ ಎರಡು ಸಾವಿರ ಜನ ಅಂದಾಜು ಮಾಡಿದ್ದರು. ಸಾಲಿನಲ್ಲಿ ಒಂದೂವರೆ ಗಂಟೆ ನಿಂತೆವು. ಸಾಲಿನಲ್ಲಿ ಎರಡು ಸುಟ್ಟ ಮೆಕ್ಕೆಜೋಳದ ತೆನೆ ಕೊಂಡೆವು. ನಿಂಬೆಹೋಳಿಗೆ ಉಪ್ಪು ಖಾರ ಅದ್ದಿ ತಿಕ್ಕಿದ್ದು. ಆ ದಿನದ ಮೊದಲ ಜಮಾ ಅದು. ಮಳೆ ಹನಿಯುತ್ತಿರುವಾಗ ಬಿಸಿ ತೆನೆ ಕೈಯಲ್ಲಿದ್ದರೆ ಒಂದೂವರೆ ಗಂಟೆ ಅಷ್ಟು ಉದ್ದವೆನಿಸದು.

ಶಿಖರ ಸುಮಾರು 800 ಮೀಟರ್ ಎತ್ತರದ್ದು. ಸುತ್ತ ಬಯಲಿರುವುದರಿಂದ ಇನ್ನೂ ಎತ್ತರವಾಗಿ ಕಾಣುತ್ತದೆ. ಮಲೆನಾಡಿನವರಾದ ನಮ್ಮ ಮನೆಯವರಿಗೆ ಈ ಬೆಟ್ಟದ ಮೇಲೆ ಮೊದಲಿನಿಂದಲೂ ತಾತ್ಸಾರವಿತ್ತು. ಬೇಸಗೆಯಲ್ಲಿ ದೂರದಿಂದ ನೋಡಿ, "ಬೋಳುಗುಡ್ಡ" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದರು. ಆ ದಿನ ಬಂಡೆಬಂಡೆಯ ಸಂದಿನಲ್ಲಿ ನೀರು ಜಾರಿ ಬೀಳುತ್ತಿತ್ತು, ಮೋಡ ಕಾಲ ಕೆಳಗೆ ಇತ್ತು, ಇಡೀ ಇಳಿಜಾರು ಹಸುರಾಗಿತ್ತು. ಅವರು ಏನೂ ಹೇಳಲಿಲ್ಲ. ಆದರೆ ತಾತ್ಸಾರದ ಮಾತನ್ನೂ ಹೇಳಲಿಲ್ಲ. ಇರಲಿ, ಈ ಕಲ್ಲು ಹಳೆಯ ಜ್ವಾಲಾಮುಖಿಗಳ ಲಾವಾದಿಂದ ಆದದ್ದು. ನಮ್ಮ ಬೆಳಗಾವಿ, ವಿಜಯಪುರಗಳ ಕರಿಕಲ್ಲೂ ಅದೇ ದಖ್ಖಣದ ಲಾವಾ. ಭೂಮಿಯೊಳಗೆ ಸಂಬಂಧ ಹಳೆಯದು.

ಕಾಳಿಕಾ ಮಾತೆಯ ದರ್ಶನ ಆಯಿತು. ಸತಿಯ ಕಾಲ್ಬೆರಳು ಬಿದ್ದ ಶಕ್ತಿಪೀಠವೆಂದು ನಂಬಿಕೆ. ಗುಡಿಯನ್ನು ಈಚೆಗೆ ವಿಸ್ತರಿಸಿ ಕಟ್ಟಿದ್ದಾರೆ. ಹೊಸ ಶಿಖರದ ಮೇಲೆ ಧ್ವಜ ಏರಿದ್ದು 2022ರ ಜೂನ್ ತಿಂಗಳಲ್ಲಿ. ದೇವಿಯ ಮುಂದೆ ನಿಲ್ಲಲು ಸಿಕ್ಕಿದ್ದು ನಾಲ್ಕು ಉಸಿರಿನಷ್ಟು ಹೊತ್ತು. ಏನು ಬೇಡಿಕೊಂಡೆವೆಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ.

ಜನವೆಲ್ಲ ಗುಡಿಯಿಂದ ನೆಟ್ಟಗೆ ಇಳಿಯುವ ದಾರಿ ಹಿಡಿದರು. ನಾವು ಕೆಳಗಿನ ಬಯಲಿನ ಕಡೆಗೆ ತಿರುಗಿದೆವು. ಈ ಬೆಟ್ಟದ ಮೇಲಿನ ಕೆರೆಗಳ ಹೆಸರು ಕೇಳಬೇಕು: ದೂಧಿಯಾ ತಳಾವ್, ಛಾಸಿಯಾ ತಳಾವ್, ತೇಲಿಯಾ ತಳಾವ್. ಹಾಲು, ಮಜ್ಜಿಗೆ, ಎಣ್ಣೆ! ಜೊತೆಗೆ ನವಲಖಾ ಕೋಠಾರ ಎಂಬ ಗುಮ್ಮಟದ ಕಣಜ. ಮುತ್ತಿಗೆಯ ಕಾಲದಲ್ಲಿ ಬೆಟ್ಟದ ಮೇಲೆ ಕೂತವರಿಗೆ ಅಡಿಗೆಮನೆಯ ಚಿಂತೆಯೇ ದೊಡ್ಡ ಚಿಂತೆಯಾಗಿತ್ತೆಂದು ಕಾಣುತ್ತದೆ. ಹೊಟ್ಟೆಯನ್ನು ಗೆಲ್ಲದೆ ಕೋಟೆಯನ್ನು ಕಾಯಲಾಗದು.

ಮಜ್ಜಿಗೆಯ ಕೆರೆಯ ಹತ್ತಿರ ಒಂದು ಮುರುಕು ಗುಡಿಯಿದೆ. ಪಾವಾಗಢದ ಮೇಲೆ ಉಳಿದಿರುವ ಎಲ್ಲ ಕಟ್ಟಡಗಳಿಗಿಂತ ಹಳೆಯದು. ಹತ್ತು ಹನ್ನೊಂದನೆಯ ಶತಮಾನದ್ದು. ಲಕುಲೀಶನ ಗುಡಿ. ನಾವಿಬ್ಬರ ಹೊರತು ಅಲ್ಲಿದ್ದದ್ದು ಒಂದು ಆಡು. ಹೆಸರು ಓದಿದೊಡನೆ ನಮ್ಮ ಮನೆಯವರು, "ರೀ, ಈ ಹೆಸರು ನಂಗೊತ್ತು!" ಎಂದು ಮಗುವಿನಂತೆ ಕೂಗಿದರು.

ಗೊತ್ತಿದ್ದದ್ದು ಹೇಗೆಂದು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಲಕುಲವೆಂದರೆ ದೊಣ್ಣೆ, ದೊಣ್ಣೆ ಹಿಡಿದ ಶಿವಸ್ವರೂಪಿ ಗುರು ಲಕುಲೀಶ. ಅವನು ಅವತರಿಸಿದನೆಂದು ಹೇಳುವ ಕಾಯಾವರೋಹಣ ಇಲ್ಲಿಯೇ ನಮ್ಮ ವಡೋದರಾದಿಂದ ಸುಮಾರು 30 ಕಿಲೋಮೀಟರ್ ದೂರದ, ಕಾರವಣ ಎಂದು ಕರೆಯುವ ಊರು. ಅಲ್ಲಿಂದ ಹೊರಟ ಪಾಶುಪತ ಮತ ದಕ್ಷಿಣಕ್ಕೆ ನಡೆಯುತ್ತ ನಡೆಯುತ್ತ ಕನ್ನಡ ನಾಡಿಗೆ ಬಂದು ಬೇರೂರಿತು. ಬಳ್ಳಿಗಾವಿಯ ಕೇದಾರೇಶ್ವರದ ಕೋಡಿಯ ಮಠದಲ್ಲಿದ್ದ ಕಾಳಾಮುಖ ಯತಿಗಳು ಲಕುಲೀಶನ ಆಗಮವನ್ನೇ ತಮ್ಮ ಆಧಾರವಾಗಿ ಹಿಡಿದವರು. ಆ ಮಠದಲ್ಲಿ ವೇದ ವ್ಯಾಕರಣ ದರ್ಶನಗಳ ಪಾಠ ನಡೆಯುತ್ತಿತ್ತು, ಹಸಿದವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತು ಎಂದು 1162ರ ಶಾಸನ ವರ್ಣಿಸುತ್ತದೆ. ನಮ್ಮ ಮನೆಯವರು ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋದಾಗ ಮಾಸ್ತರರು ಈ ಹೆಸರನ್ನು ಬಾಯಿಪಾಠ ಮಾಡಿಸಿದ್ದರಂತೆ. ಹೆಸರು ಎಲ್ಲಿಂದ ಬಂತೆಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ನಾವೂ ನಮ್ಮ ಪಾಲಿನ ಜಂಬ ಕೊಚ್ಚಿಕೊಂಡೆವು. ಮಳಖೇಡದ ರಾಷ್ಟ್ರಕೂಟರ ಒಂದು ಶಾಖೆ ಈ ಲಾಟ ದೇಶವನ್ನು ಆಳಿತಷ್ಟೆ. ಆ ಶಾಖೆಯ ಕರ್ಕರಾಜನ 812ರ ತಾಮ್ರಶಾಸನದಲ್ಲಿ ದಾನ ಕೊಟ್ಟ ಹಳ್ಳಿಯ ಹೆಸರು ವಡಪದ್ರಕ. ನಾವು ದಿನಾ ಸಂಬಳ ಎಣಿಸುವ ವಡೋದರಾವೇ ಅದು. ಈ ಕರ್ಕನೇ ಮುಂದೆ ಬಾಲಕ ಅಮೋಘವರ್ಷನಿಗೆ ಸಿಂಹಾಸನವನ್ನು ಉಳಿಸಿಕೊಟ್ಟವನು. ಅಮೋಘವರ್ಷನ ಆಸ್ಥಾನದಿಂದಲೇ ನಮಗೆ 'ಕವಿರಾಜಮಾರ್ಗ' ಬಂದದ್ದು. "ಹಾಗಾದರೆ ಅಲ್ಲಿಯವರು ಇಲ್ಲಿಗೆ, ಇಲ್ಲಿಯವರು ಅಲ್ಲಿಗೆ, ಇದೇನು ಹೊಸದಲ್ಲ" ಎಂದರು ಮನೆಯವರು. ಮಾತು ಅದಾಗಿ ಅದೇ ಆ ಕಾಗದದ ಕಡೆಗೆ ತಿರುಗಿತು.

ಕೆರೆಯ ದಂಡೆಯ ಕಲ್ಲಿನ ಮೇಲೆ ಕೂತೆವು. ನಾವು ನಮ್ಮ ಪಕ್ಷವನ್ನು ಮಂಡಿಸಿದೆವು. ತಂದೆಗೆ ಮೊಳಕಾಲು ನೋವು; ಹೊಲ ನೋಡುವವರಿಲ್ಲ; ತಾಯಿ ದಿನಾ ಫೋನಿನಲ್ಲಿ, "ಬಾರಪ್ಪಾ, ಎಷ್ಟ ದಿನಾ ಅಂತ ಪರದೇಶದಾಗ ಇರ್ತಿ" ಎನ್ನುತ್ತಾರೆ; ಮಗಳು ಎಕ್ ಬೆ ತ್ರಣ್ ಎಂದು ಎಣಿಸುತ್ತಾಳೆಯೇ ಹೊರತು ಒಂದು ಎರಡು ಎನ್ನುವುದಿಲ್ಲ. ಏನೇ ಆಗಲಿ ನಮ್ಮ ಊರು ನಮ್ಮ ಊರೇ.

ಅವರು ಎಲ್ಲವನ್ನೂ ಕೇಳಿ, "ರೀ, ಸಿಂದಗೀಲಿ ನೀವು ಹುಟ್ಟಿದಾಗಿನಿಂದ ಒಟ್ಟು ಎಷ್ಟು ದಿನ ಇದ್ದಿದ್ದೀರಿ?" ಎಂದರು.

ಲೆಕ್ಕ ಕೇಳಿದರೆ ಗುಮಾಸ್ತನು ಸುಮ್ಮನಿರಲಾರನು. ಬೇಸಗೆಗೆ ಇಪ್ಪತ್ತು ದಿನದಂತೆ ಹದಿನೈದು ಬೇಸಗೆ, ಮುನ್ನೂರು. ಮದುವೆ, ಸಾವು, ಹಬ್ಬ ಎಂದು ಇನ್ನೊಂದು ಐವತ್ತು. ಕೂಡಿಸಿದರೆ 350 ದಿನ. ಒಂದು ವರ್ಷವೂ ತುಂಬಲಿಲ್ಲ. ಮತ್ತೊಮ್ಮೆ ಕೂಡಿಸಿದೆವು, ಮೊತ್ತ ಬದಲಾಗಲಿಲ್ಲ.

"ನಾನು ಇಲ್ಲಿ ಏಳು ವರ್ಷ ಇದ್ದೀನಿ" ಎಂದರು ಅವರು. ಆಮೇಲೆ, ನಾಲ್ಕು ದಿನ ತಡೆದುಕೊಂಡಿದ್ದನ್ನೆಲ್ಲ ನಿಧಾನವಾಗಿ ಹೇಳಿದರು. ಭಾನುವಾರ ನಮ್ಮ ಸಂಘದ ಮಕ್ಕಳಿಗೆ ಅವರು ಕನ್ನಡ ಹೇಳಿಕೊಡುವುದು ತಮಗೆಲ್ಲ ಗೊತ್ತಿದೆ. ಈಗ ಹನ್ನೆರಡು ಮಕ್ಕಳಿದ್ದಾರೆ. "ಶಿಕಾರಿಪುರದಲ್ಲಿ ನನ್ನ ಕನ್ನಡ ಯಾರಿಗೆ ಬೇಕು ಹೇಳಿ? ಅಲ್ಲಿ ಎಲ್ಲರಿಗೂ ಬರುತ್ತೆ, ಯಾರೂ ಕೇಳಲ್ಲ. ಇಲ್ಲಿ ಬಂದ ಮೇಲೆ ನಾನು ಟೀಚರ್ ಆದೆ. ಆ ಚಿಕ್ಕ ಹುಡುಗ ಹೋದ ವಾರ ಒತ್ತಕ್ಷರ ಬರೆದ. ಅವನನ್ನು ಅರ್ಧಕ್ಕೆ ಬಿಟ್ಟು ಹೋಗಲಾ? ಇನ್ನು ನಮ್ಮ ಮಗಳು. ಊರಿಗೆ ಹೋದರೆ ನೀವು ಅವಳನ್ನು ಕನ್ನಡ ಶಾಲೆಗೆ ಹಾಕ್ತೀರಾ? ಇಂಗ್ಲಿಷ್ ಶಾಲೆಗೇ ಹಾಕೋದು. ಇಲ್ಲಿ ಭಾನುವಾರಕ್ಕೆ ಒಂದು ಗಂಟೆ ಆದರೂ ಬರೀತಾಳೆ."

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ತಂದೆಯ ಮೊಳಕಾಲಿನ ಮಾತಿಗೆ ಅವರಲ್ಲಿಯೂ ಉತ್ತರವಿರಲಿಲ್ಲ. ಅದನ್ನು ಅವರೇ ಒಪ್ಪಿಕೊಂಡರು. ಮೋಡ ಸರಿದು ಒಂದು ಕ್ಷಣ ಕೆಳಗಿನ ಬಯಲು ತೋರಿತು. ಈ ಬೆಟ್ಟಗಳಲ್ಲಿ ಹುಟ್ಟುವ ವಿಶ್ವಾಮಿತ್ರಿ ನದಿಯೇ ವಡೋದರಾದ ನಡುವೆ ಹರಿಯುವುದು. 2024ರ ಆಗಸ್ಟ್ ಕೊನೆಯಲ್ಲಿ ಅದು ಊರೊಳಗೆ ನುಗ್ಗಿದಾಗ ನಾವು ಸಮಾ ಭಾಗದಲ್ಲಿ ನೆಲಮಾಳಿಗೆಯ ಮೇಲಿನ ಕೆಳಮನೆಯಲ್ಲಿ ಬಾಡಿಗೆಗಿದ್ದೆವು. ಮೂರು ದಿನ ಮಹಡಿಯ ಮನೆಯವರು ನಮ್ಮ ಮೂವರನ್ನೂ ಇಟ್ಟುಕೊಂಡರು. ಕರೆಂಟಿಲ್ಲ, ಹಾಲಿಲ್ಲ, ಆ ತಾಯಿ ಮೂರು ಹೊತ್ತೂ ಖಿಚಡಿ ಕಢಿ ಮಾಡಿ ಮೊದಲು ನಮ್ಮ ಮಗುವಿಗೆ ಬಡಿಸುತ್ತಿದ್ದರು. ಮನೆಯವರು ಬಯಲನ್ನು ನೋಡುತ್ತ ಆ ಖಿಚಡಿಯನ್ನು ನೆನೆದರು. ಮತ್ತೇನೂ ಹೇಳಲಿಲ್ಲ.

ಇಳಿಯುವಾಗ ರೋಪ್‌ವೇಯ ಸಾಲು ಇನ್ನೂ ಉದ್ದವಾಗಿತ್ತು. ಮೆಟ್ಟಿಲು ಹಿಡಿದೆವು. ನಮ್ಮ ಸಲಹೆ ಕೇಳುವುದಾದರೆ ಇಳಿಯುವುದಕ್ಕೆ ಮೆಟ್ಟಿಲೇ ಲೇಸು, ಮಳೆಯಲ್ಲಿ ಮಾತ್ರ ಒಳ್ಳೆಯ ಚಪ್ಪಲಿ ಬೇಕು. ಬುಡ ಮುಟ್ಟುವಾಗ ಐದೂವರೆ; ಬೆಳಗಿನ ಮೈಸೂರು ಮಸಾಲೆಯ ಮೇಲೆ ತೆನೆಯ ಹೊರತು ಬೇರೆ ಏನೂ ಬಿದ್ದಿರಲಿಲ್ಲ.

ರಸ್ತೆಯ ಅಂಚಿನಲ್ಲಿ ಒಂದು ತಗಡಿನ ಚಪ್ಪರದೊಳಗಿಂದ ಪಟಪಟ ಎಂಬ ಸದ್ದು ಬಂತು. ಜೋಳದ ರೊಟ್ಟಿಯ ಮನೆಯಲ್ಲಿ ಬೆಳೆದವರಿಗೆ ಆ ಸದ್ದನ್ನು ಹೇಳಿಕೊಡಬೇಕಾಗಿಲ್ಲ. ಒಳಗೆ ಒಬ್ಬ ಮುದುಕಿ ಎರಡು ಅಂಗೈಗಳ ನಡುವೆ ಮೆಕ್ಕೆಜೋಳದ ಹಿಟ್ಟನ್ನು ತಟ್ಟಿ ಮಣ್ಣಿನ ತಾವಡಿಯ ಮೇಲೆ ಹಾಕುತ್ತಿದ್ದರು. ಪಂಚಮಹಾಲದ ಮಕಾಯಿ ರೋಟ್ಲೋ, ಉದ್ದಿನ ದಾಲು, ಬೆಳ್ಳುಳ್ಳಿ ಚಟ್ನಿ, ಹಸಿ ಈರುಳ್ಳಿ, ಒಂದು ಲೋಟ ಮಜ್ಜಿಗೆ. ಸಕ್ಕರೆಯ ಹೆಸರಿಲ್ಲ! ಗುಜರಾತಿನ ಅಡಿಗೆಯೆಲ್ಲ ಸಿಹಿಯೆಂದು ಊರಿನಲ್ಲಿ ಹೇಳಿಕೊಂಡು ತಿರುಗುವವರು ಈ ಚಪ್ಪರಕ್ಕೆ ಒಮ್ಮೆ ಬರಬೇಕು. ನಾವು ಮೂರು ತಿಂದೆವು. ನಮ್ಮ ಮನೆಯವರು ಅಕ್ಕಿರೊಟ್ಟಿಯ ನಾಡಿನವರಾದರೂ ಎರಡು ತಿಂದರು. ದಾಲು ಮುಗಿದೊಡನೆ ಕೇಳದೆಯೇ ಬಟ್ಟಲು ತುಂಬಿತು.

ಮುದುಕಿ ಹಿಟ್ಟು ತಟ್ಟುತ್ತಲೇ, "ಕ್ಯಾಂನಾ ಛೋ ದೀಕರಾ?" ಎಂದು ಕೇಳಿದರು. ಯಾವ ಊರಿನವರಪ್ಪಾ ಎಂದು.

ನಾವು "ಕರ್ನಾಟಕ" ಎಂದೆವು. ಅದೇ ಗಳಿಗೆಗೆ ನಮ್ಮ ಮನೆಯವರು "ಕೊಯಾಲಿ" ಎಂದರು.

ಮುದುಕಿ ಒಮ್ಮೆ ಇವರ ಮುಖ, ಒಮ್ಮೆ ನಮ್ಮ ಮುಖ ನೋಡಿ, ಇನ್ನೊಂದು ರೋಟ್ಲೋ ನಮ್ಮ ತಟ್ಟೆಗೆ ಹಾಕಿದರು. ದೂರದಿಂದ ಬಂದವರಿಗೆ ಹಸಿವು ಹೆಚ್ಚೆಂದು ತಿಳಿದಿರಬೇಕು.

ರಾತ್ರಿ ಒಂಬತ್ತಕ್ಕೆ ಕಾರಖಾನೆಯ ಬೆಂಕಿ ಕಣ್ಣಿಗೆ ಬಿತ್ತು. ಮಗಳು ನೆರೆಮನೆಯಲ್ಲಿ ಉಂಡು ಮಲಗಿದ್ದಳು. ಸೋಮವಾರ ನಾವು ಈ ಸಲ ಬರಲಾಗದೆಂದು ಬರೆದುಕೊಟ್ಟೆವು. ಬರೆಯುವ ಮೊದಲು ತಂದೆಗೆ ಫೋನು ಮಾಡಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತು ಬಿಡಪಾ. ಚಳಿಗಾಲಕ್ಕ ನಾವ ಬರ್ತೀವಿ, ಟಿಕೇಟ ತಗಸು. ಅಲ್ಲೆ ಮೊಣಕಾಲು ತೋರಸೂಣು" ಎಂದರು. ತಾಯಿ ಆ ದಿನ ಫೋನಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಮೊಮ್ಮಗಳೊಡನೆ ಮಾತ್ರ ಮಾತನಾಡಿದರು. ಈಗ ನಮ್ಮೊಡನೆಯೂ ಮಾತನಾಡುತ್ತಾರೆ; ಆದರೆ 'ಬಾರಪ್ಪಾ' ಎಂಬ ಮಾತನ್ನು ಬಿಟ್ಟಿದ್ದಾರೆ. ಅದು ದಿನಾ ಸಂಜೆ ಕೇಳಿಸದೆ ಇರುವುದು ನಮಗೆ ಗೊತ್ತಾಗುತ್ತದೆ. ಟಿಕೇಟು ಡಿಸೆಂಬರ್ ಮೊದಲ ವಾರಕ್ಕೆ ತೆಗೆದದ್ದಾಗಿದೆ.

ಕಡೆಯದಾಗಿ ಒಂದು ಸೂಚನೆ. ಡಿಸೆಂಬರ್ ತಿಂಗಳ ನಾಲ್ಕನೆಯ ಶನಿವಾರ ನಾವು ಕಾಯಾವರೋಹಣಕ್ಕೆ ಹೋಗುವವರಿದ್ದೇವೆ. ಕನ್ನಡ ತರಗತಿಯ ಹನ್ನೆರಡು ಮಕ್ಕಳೂ ಬರುತ್ತಾರೆ. ಅವರಿಗೆ ಬಳ್ಳಿಗಾವಿಯ ಕಥೆಯನ್ನು ಅಲ್ಲಿಯೇ ಹೇಳುವುದೆಂದು ಅವರ ಟೀಚರು ನಿಶ್ಚಯಿಸಿದ್ದಾರೆ. ದೊಡ್ಡವರಿಗೂ ಸ್ಥಳವಿದೆ. ಬರುವವರು ಕಾರ್ಯದರ್ಶಿಗಳಲ್ಲಿ ಹೆಸರು ಕೊಡಬೇಕು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹೊರಡುವುದು. ಬುತ್ತಿ ಅವರವರದು, ಜೋಳದ ರೊಟ್ಟಿ, ಎಣ್ಣೆಗಾಯಿ ಮಾತ್ರ ನಮ್ಮ ತಾಯಿಯವರದು, ಅವರು ಒಪ್ಪಿದರೆ.